ಪಟ್ಟಿಯಲ್ಲಿರುವ ನಾಯಿ, ಸರಪಳಿಯಲ್ಲಿರುವ ನಾಯಿ

ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ಎಲ್ಲ ರಾಜ್ಯಗಳಿಗೂ ಒಂದು ಸುತ್ತೋಲೆ ಕಳಿಸಿತು. ಮನುಷ್ಯರ ಪ್ರಾಣಕ್ಕೆ ಅಪಾಯ ತರುವ 23 ಬಗೆಯ ನಾಯಿಗಳನ್ನು ಇನ್ನು ಮುಂದೆ ಯಾರೂ ಹೊರದೇಶದಿಂದ ತರಿಸುವಂತಿಲ್ಲ, ಮರಿ ಮಾಡಿಸುವಂತಿಲ್ಲ, ಮಾರುವಂತಿಲ್ಲ. ಆಗಲೇ ಸಾಕಿಕೊಂಡವರು ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಎಂಬುದು ಅದರ ಸಾರ. ಆ ಪಟ್ಟಿಯನ್ನು ಸಾವಧಾನವಾಗಿ ಓದಿದರೆ ಮೇಲುಗಡೆ ತೋಸಾ ಇನು ಎಂಬ ಜಪಾನಿ ನಾಯಿ ಸಿಗುತ್ತದೆ. ಕೆಳಗೆ ಬಂದರೆ ಜಪಾನೀಸ್ ತೋಸಾ ಎಂಬ ಹೆಸರಿನಲ್ಲಿ ಅದೇ ನಾಯಿ ಇನ್ನೊಂದು ಸಲ ಸಿಗುತ್ತದೆ. ಟೆರಿಯರ್‌ಗಳು ಎಂದು ಒಂದೇ ಮಾತಿನಲ್ಲಿ ಬರೆದಿರುವುದರಿಂದ, ಮೂರು ಕೆ.ಜಿ. ತೂಗುವ, ತೊಡೆಯ ಮೇಲೆ ಮಲಗುವ ಯಾರ್ಕ್‌ಶೈರ್ ಟೆರಿಯರ್ ಕೂಡ ಪ್ರಾಣಾಪಾಯದ ಸಾಲಿಗೆ ಸೇರಿಹೋಗುತ್ತದೆ. ನಮ್ಮ ಹಾಸನದ ಕಡೆ ಎರಡು ತಲೆಮಾರು ಹೆದರಿದ ಡಾಬರ್‌ಮನ್ ಆಗಲಿ ಅಲ್ಸೇಷಿಯನ್ ಆಗಲಿ ಅದರಲ್ಲಿಲ್ಲ. ಗುಮಾಸ್ತರ ಕೈತಪ್ಪು ಎಂದು ನಕ್ಕು ಬಿಡಬಹುದಿತ್ತು. ಆದರೆ ನಾಯಿಯನ್ನು ನೋಡದೆ ಅದರ ಹೆಸರಿಗೆ ಹೆದರಿದವರು ಪಟ್ಟಿ ಮಾಡಿದರೆ ಅದು ಇರುವುದೇ ಹೀಗೆ.

ಕರ್ನಾಟಕ ಹೈಕೋರ್ಟು ತಿಂಗಳು ತುಂಬುವುದರೊಳಗೆ, ಏಪ್ರಿಲ್ 10ರಂದು, ಈ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ ಆದೇಶ ನಿಲ್ಲುವುದಿಲ್ಲ ಎಂಬುದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ತೀರ್ಪಿನ ಮುಖ್ಯ ಮಾತು. ಎಲ್ಲರನ್ನೂ ಕೇಳಿ ಮತ್ತೆ ನಿಯಮ ಮಾಡಬೇಕೆಂದರೆ ಸರ್ಕಾರಕ್ಕೆ ಅಡ್ಡಿಯಿಲ್ಲ ಎಂದೂ ಅದು ಹೇಳಿತು. ಆಗ ಪೇಪರಿನಲ್ಲಿ ಸುದ್ದಿ ಓದಿದವರಲ್ಲಿ ಕೆಲವರು ಇಂಥ ನಾಯಿಗಳನ್ನು ಉಳಿಸಿದ್ದೇ ತಪ್ಪಾಯಿತು ಎಂದರು, ಕೆಲವರು ನಮ್ಮ ನಾಯಿಗೆ ನ್ಯಾಯ ಸಿಕ್ಕಿತು ಎಂದರು. ಇವರಿಬ್ಬರೂ ಎದುರಾಳಿಗಳಂತೆ ಕಂಡರೂ ನನಗೆ ಹಾಗೆ ಅನ್ನಿಸುವುದಿಲ್ಲ. ನಿಷೇಧ ಬೇಕು ಎನ್ನುವವನು ನಂಬಿರುವುದನ್ನೇ, ರಾಟ್‌ವೀಲರ್ ಮರಿ ಹುಡುಕಿಕೊಂಡು ಬೆಂಗಳೂರಿಗೆ ಹೋಗುವವನೂ ನಂಬಿರುತ್ತಾನೆ. ಈ ಜಾತಿ ನಾಯಿ ಹುಟ್ಟಾ ಭಯಂಕರ ಎಂಬುದು ಇಬ್ಬರಿಗೂ ಖಾತ್ರಿ. ಒಬ್ಬ ಅದಕ್ಕಾಗಿ ಬೇಡ ಎನ್ನುತ್ತಾನೆ, ಇನ್ನೊಬ್ಬ ಅದಕ್ಕಾಗಿಯೇ ದುಡ್ಡು ಕೊಡುತ್ತಾನೆ. ಮಾರುವವನು ಮಾರುವುದೂ ಆ ಭಯವನ್ನೇ. ಮರಿ ಅದರ ಜೊತೆಗೆ ಬರುತ್ತದೆ ಅಷ್ಟೆ.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಊರೊಳಗಿನ ಹಳೇ ಮನೆ ಬಿಟ್ಟು ತೆಂಗಿನ ತೋಟದಲ್ಲೇ ಮನೆ ಕಟ್ಟಿಕೊಂಡವರು ಈಗ ಬಹಳ. ಅಕ್ಕಪಕ್ಕ ಯಾರಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಉಂಡೆ ಕೊಬ್ಬರಿಯಾಗಬೇಕಾದ ಕಾಯಿ, ಬೋರ್‌ವೆಲ್ಲಿನ ಕೇಬಲ್ಲು, ಕೊಟ್ಟಿಗೆಯಲ್ಲಿ ಸೀಮೆಹಸು, ನಾಲ್ಕು ಕುರಿ. ಕೊಬ್ಬರಿಗೆ ರೇಟು ಬಂದ ವರ್ಷ ಕಳ್ಳರ ಭಯ. ರೇಟು ಬರಲಿ ಬಿಡಲಿ, ಚಿರತೆಯ ಭಯ. ಅರಕಲಗೂಡಿನ ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ ಬೆಂಕಿ ಕಾಯುತ್ತ ರಾತ್ರಿಯೆಲ್ಲ ಕೂರುವವರ ಕಾಲಬಳಿ ಊರುನಾಯಿಯೊಂದು ಮಲಗಿರುತ್ತದೆ, ಅಷ್ಟು ಸಾಕಾಗುತ್ತಿತ್ತು. ತೋಟದ ಮನೆಗೆ ಅದು ಸಾಲದು ಅನ್ನಿಸಿದಾಗ ಜಾತಿ ನಾಯಿ ಬಂತು. ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಬೋರ್ಡಿನಲ್ಲಿ ಹಲ್ಲು ಕಿರಿದ ರಾಟ್‌ವೀಲರ್ ಚಿತ್ರ ಬಂತು. ಒಳಗೆ ಇರುವುದು ಒಂದೊಂದು ಕಡೆ ಪಾಮರೇನಿಯನ್. ಆ ಬೋರ್ಡನ್ನು ಯಾರೂ ಎಚ್ಚರಿಕೆ ಕೊಡುವುದಕ್ಕಾಗಿ ಮಾತ್ರ ಹಾಕಿಸುವುದಿಲ್ಲ, ಅದರಲ್ಲಿ ಮನೆಯವರ ದೊಡ್ಡಸ್ತಿಕೆಯೂ ಸ್ವಲ್ಪ ಇರುತ್ತದೆ.

ಕರಿಮೈಗೆ ಕಂದು ಮಚ್ಚೆಯಿರುವ ದೊಡ್ಡ ನಾಯಿಗಳ ಭಯ ನನ್ನೊಳಗೆ ಕೂತದ್ದು ಹೊಳೆನರಸೀಪುರದಲ್ಲಿ, ಸ್ಕೂಲಿಗೆ ಹೋಗುವ ದಾರಿಯ ಒಂದು ಮನೆಯ ಡಾಬರ್‌ಮನ್‌ನಿಂದ. ಅದು ನನ್ನನ್ನು ಕಚ್ಚಲಿಲ್ಲ, ಅಟ್ಟಿಸಿಕೊಂಡು ಬರಲೂ ಇಲ್ಲ. ಕಾಂಪೌಂಡಿನೊಳಗೆ ಸರಪಳಿಯಲ್ಲಿ ಕಟ್ಟಿದ್ದ ಅದರ ಬಗ್ಗೆ ಹುಡುಗರೆಲ್ಲ ಒಂದು ಕತೆ ಹೇಳುತ್ತಿದ್ದರು: ಈ ನಾಯಿಗೆ ವಯಸ್ಸಾದಂತೆ ಮಿದುಳು ದೊಡ್ಡದಾಗುತ್ತದಂತೆ, ತಲೆಬುರುಡೆ ಸಾಲದೆ ಹುಚ್ಚು ಹಿಡಿಯುತ್ತದಂತೆ, ಕೊನೆಗೆ ಸಾಕಿದವನನ್ನೇ ಕೊಲ್ಲುತ್ತದಂತೆ. ಇದೇ ಕತೆ ಅಮೆರಿಕದಲ್ಲೂ ಯುರೋಪಿನಲ್ಲೂ ಓಡಾಡಿದೆ ಎಂದು ಬಹಳ ಕಾಲದ ಮೇಲೆ ಓದಿದೆ. ಯಾವ ನಾಯಿಯ ಮಿದುಳೂ ಹಾಗೆ ಬೆಳೆಯುವುದಿಲ್ಲ. ಪಿಟ್‌ಬುಲ್ ಕಚ್ಚಿದರೆ ದವಡೆ ಬೀಗದಂತೆ ಬಿದ್ದುಬಿಡುತ್ತದೆ ಎಂಬುದೂ ಇದೇ ಗುಂಪಿನ ಮಾತು. ಅದರ ದವಡೆಯ ಮೂಳೆ ಉಳಿದ ನಾಯಿಗಳದರಂತೆಯೇ ಇದೆ, ಬಿಡದೆ ಹಿಡಿಯುವ ಹಟ ಮಾತ್ರ ಹೆಚ್ಚು. ವಿಚಿತ್ರವೆಂದರೆ ನನ್ನನ್ನು ನಿಜವಾಗಿ ಕಚ್ಚಿದ್ದು ಬೀದಿಯ ಕೆಂದನಾಯಿ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಚುಚ್ಚುತ್ತಿದ್ದ ಕಾಲ ಅದು. ಅಷ್ಟಾದರೂ ಬೀದಿನಾಯಿಯ ಭಯ ನನಗೆ ಹತ್ತಲಿಲ್ಲ, ಡಾಬರ್‌ಮನ್ನಿನ ಭಯ ಹೋಗಲಿಲ್ಲ. ಭಯ ಗಾಯದಿಂದಲೇ ಬರಬೇಕೆಂದೇನೂ ಇಲ್ಲ. ಕತೆ ಸಾಕು.

ಆ ಭಯ ಕರಗಿದ್ದು ನುಗ್ಗೇಹಳ್ಳಿ ಕಡೆಯ ಅಕ್ಕನ ತೋಟದ ಮನೆಯಲ್ಲಿ. ಭಾವ ತಂದಿದ್ದ ರಾಟ್‌ವೀಲರ್ ಮರಿ ನಾನು ಅಲ್ಲಿ ಉಳಿಯಬೇಕಾಗಿ ಬಂದಾಗ ಕರುವಿನಷ್ಟಾಗಿತ್ತು. ಹೆಸರು ರಾಕಿ. ಭಾವನ ಯೋಚನೆ ಅದನ್ನು ಹಗಲೆಲ್ಲ ಬೋನಿನಲ್ಲಿ ಹಾಕಿ ರಾತ್ರಿ ಬಿಡುವುದು, ಮನೆಯವರ ಹೊರತು ಯಾರ ಕೈಯಲ್ಲೂ ತಿನ್ನದಂತೆ ಬೆಳೆಸುವುದು. ಹಾಗೆ ಬೆಳೆಸಿದರೇ ಕಾವಲಿಗೆ ಆಗುತ್ತದೆ ಎಂದು ಮರಿ ಕೊಟ್ಟವರು ಹೇಳಿ ಕಳಿಸಿದ್ದರು. ಅಕ್ಕನ ಅತ್ತೆ ಒಪ್ಪಲಿಲ್ಲ. ನಾಯಿ ಭೈರವನ ವಾಹನ, ಆದಿಚುಂಚನಗಿರಿಗೆ ಹರಕೆ ಹೊತ್ತ ಮನೆಯಲ್ಲಿ ಅದನ್ನು ಬೋನಿಗೆ ಹಾಕುವುದು ಬೇಡ ಎಂಬುದು ಅವರ ಲೆಕ್ಕ. ಕಾರಣ ಏನೇ ಇರಲಿ, ನಡೆದದ್ದು ಒಳ್ಳೆಯದು. ಹಾಲು ಅಳೆಯುವ ಹುಡುಗ, ಕಾಯಿ ಕೆಡಹುವವರು, ಮೀಟರ್ ಓದುವವರು ಹೀಗೆ ಬಂದವರೆಲ್ಲರ ಕೈಯಲ್ಲೂ ಅವರು ಮರಿಗೆ ಒಂದು ಚೂರು ಮುದ್ದೆ ಹಾಕಿಸುತ್ತಿದ್ದರಂತೆ. ನಾನು ಗೇಟಿನಲ್ಲೇ ನಿಂತಾಗ ಅವರು ಹೇಳಿದ್ದಿಷ್ಟು: “ಅದೇನ್ ಮಾಡ್ತದೆ ಬಾರಪ್ಪ. ಓಡಬ್ಯಾಡ, ಕೈ ಎತ್ತಬ್ಯಾಡ, ಅದ್ರ ಕಣ್ಣನ್ನೇ ದಿಟ್ಟಿಸಬ್ಯಾಡ, ಅಷ್ಟೇಯ.”

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳನ್ನು ಬೆಳೆಸಿ 1965ರಲ್ಲಿ ಬರೆದ ಪುಸ್ತಕದಲ್ಲಿ, ಅಕ್ಕನ ಅತ್ತೆ ಮಾಡಿದ್ದು ಏಕೆ ಒಳ್ಳೆಯದು ಎಂಬುದರ ವಿವರಣೆ ಇದೆ. ಮೂರನೇ ವಾರದಿಂದ ಹನ್ನೆರಡನೇ ವಾರದ ಸುಮಾರಿಗೆ ಮರಿ ಯಾವುದನ್ನು ನೋಡಿ ಮೂಸಿ ಅಭ್ಯಾಸ ಮಾಡಿಕೊಳ್ಳುತ್ತದೋ ಅದು ಜೀವನಪೂರ್ತಿ ಅದಕ್ಕೆ ಸಹಜ. ಆ ಅವಧಿಯಲ್ಲಿ ಕಾಣದೇ ಹೋದದ್ದು ಮುಂದೆ ಅಪಾಯದಂತೆ ತೋರುತ್ತದೆ. ನಮ್ಮಲ್ಲಿ ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮವಿದೆ. ಆದರೂ ತಿಂಗಳ ಮರಿ ರಟ್ಟಿನ ಡಬ್ಬಿಯಲ್ಲಿ ಬಸ್ಸು ಹತ್ತಿ ಬರುತ್ತದೆ, ಬಂದದ್ದೇ ಬೋನು ಸೇರುತ್ತದೆ. ತಾಯಿಯ ಜೊತೆ, ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡಿ ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂದು ಕಲಿಯುವ ಮೊದಲೇ ಅದರ ಶಾಲೆ ಮುಗಿದಿರುತ್ತದೆ. ಆಮೇಲೆ ಅದು ಡೈರಿ ಹುಡುಗನ ಮೇಲೆ ಹಾರಿದರೆ ತಳಿಯೇ ಅಂಥದ್ದು ಎನ್ನುತ್ತೇವೆ.

ಧೈರ್ಯ ಬಂದು ಭಯ ಹೋಯಿತು ಎಂದು ನಾನು ಹೇಳುವುದಿಲ್ಲ. ನಾಯಿಯನ್ನು ಓದುವುದು ಸ್ವಲ್ಪ ಬಂತು, ಅಷ್ಟರಿಂದ ಹೋಯಿತು. ರಾಕಿ ಸಂತೋಷವಾದಾಗ ಎದೆಯಿಂದ ಒಂದು ಗುಡುಗುಡು ಸದ್ದು ಮಾಡುತ್ತಿತ್ತು, ಮೈಯೆಲ್ಲ ಭಾರ ಹಾಕಿ ಕಾಲಿಗೆ ಒರಗುತ್ತಿತ್ತು. ರಾಟ್‌ವೀಲರ್‌ಗಳಲ್ಲಿ ಇದು ಸಾಮಾನ್ಯ. ಗೊತ್ತಿಲ್ಲದವರಿಗೆ ಗುರ್ರೆಂದಂತೆಯೇ ಕೇಳಿಸುತ್ತದೆ. ಬಾಲ ಅಲ್ಲಾಡಿದ್ದೆಲ್ಲ ಪ್ರೀತಿಯಲ್ಲ. ಬಾಲ ಮೇಲೆತ್ತಿ ಬಿಗಿಯಾಗಿ ಚಿಕ್ಕದಾಗಿ ಅಲ್ಲಾಡಿಸುವ ನಾಯಿಯಿಂದ ದೂರ ಸರಿಯಬೇಕು. ಬೊಗಳುವುದಕ್ಕಿಂತ ಸುಮ್ಮನೆ ಸೆಟೆದು ನಿಲ್ಲುವುದು ಹೆಚ್ಚು ಅಪಾಯ. ತುಟಿ ನೆಕ್ಕಿಕೊಳ್ಳುವುದು, ಆಕಳಿಸುವುದು, ಮುಖ ಅತ್ತ ತಿರುಗಿಸುವುದು ಎಲ್ಲ ನನಗೆ ಇದು ಸಾಕು ಎಂದು ನಾಯಿ ಹೇಳುವ ರೀತಿಗಳು. ದೊಡ್ಡ ನಾಯಿಯ ಕತ್ತು ತಬ್ಬಿಕೊಂಡ ಮಗುವಿನ ಫೋಟೋ ತೆಗೆಯುವವರು ಒಂದು ಸಲ ಆ ನಾಯಿಯ ಮುಖ ನೋಡಿದರೆ ಅರ್ಧದಷ್ಟು ಫೋಟೋ ತೆಗೆಯುವುದಿಲ್ಲ. ಅಕ್ಕನ ಮೊಮ್ಮಗುವನ್ನು ರಾಕಿಯ ಜೊತೆ ಒಬ್ಬಂಟಿ ಬಿಡಲು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ರಾಕಿಯ ಪ್ರೀತಿಯಲ್ಲಿ ಸಂಶಯವಿದ್ದು ಅಲ್ಲ, ಐವತ್ತು ಕೆ.ಜಿ.ಯ ಪ್ರೀತಿ ಕಾಲು ಜಾರಿದರೂ ಮಗುವಿಗೆ ಪೆಟ್ಟಾಗುತ್ತದೆ.

ಅದೇ ದಾರಿಯ ಇನ್ನೊಂದು ತೋಟದಲ್ಲಿ ಲ್ಯಾಬ್ರಡಾರ್ ಒಂದಿತ್ತು. ಚಾರ್ಲಿ ಸಿನಿಮಾ ಬಂದ ಮೇಲೆ ಎಲ್ಲರಿಗೂ ಪ್ರೀತಿಯಾದ ನಾಯಿ. ಕಬ್ಬಿಣದ ಬೋನು, ಮೇಲೆ ಸಿಮೆಂಟ್ ಶೀಟು, ಬೇಸಿಗೆಯಲ್ಲಿ ಹತ್ತಿರ ಹೋದರೆ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಗೊಬ್ಬರ ಇಳಿಸಲು ಬಂದ ಆಳಿನ ಮುಂಗೈಯನ್ನು ಅದು ಹರಿದುಬಿಟ್ಟಿತು. ಊರಿನಲ್ಲಿ ಇದು ಸುದ್ದಿಯಾಗಲಿಲ್ಲ. ಆಳಿನ ಅಜಾಗರೂಕತೆ ಎಂದೇ ಮಾತಾಯಿತು. ರಾಕಿ ಮಾಡಿದ್ದರೆ?

ಇಲ್ಲಿಗೆ ನಿಲ್ಲಿಸಿ, ಸಾಕುವವನು ಸರಿಯಿದ್ದರೆ ನಾಯಿ ಸರಿ ಎಂದು ಹೇಳಿ ಮುಗಿಸಬಹುದು. ಎಲ್ಲ ನಾಯಿಪ್ರಿಯರೂ ಅಷ್ಟನ್ನೇ ಹೇಳುತ್ತಾರೆ. ಆದರೆ ಒಂದು ಒಳ್ಳೆಯ ನಾಯಿಯನ್ನು ಕಂಡವನ ಅನುಭವಕ್ಕೆ ಎಷ್ಟು ಬೆಲೆ? ಎಲ್ಲ ರಾಟ್‌ವೀಲರ್‌ಗಳೂ ಕೆಟ್ಟವು ಎಂಬ ಮಾತನ್ನು ಸುಳ್ಳು ಮಾಡಲು ಒಂದು ರಾಕಿ ಸಾಕು. ಎಲ್ಲವೂ ಒಳ್ಳೆಯವು ಎಂದು ತೋರಿಸಲು ನೂರು ರಾಕಿಗಳೂ ಸಾಲವು. 2022ರ ಜುಲೈನಲ್ಲಿ ಲಖನೌದಲ್ಲಿ ವೃದ್ಧೆಯೊಬ್ಬರನ್ನು ಕೊಂದದ್ದು ಮಗ ಸಾಕಿದ್ದ, ಮನೆಯೊಳಗೇ ಬೆಳೆದ ಪಿಟ್‌ಬುಲ್. 2024ರ ಮೇ ತಿಂಗಳಲ್ಲಿ ಚೆನ್ನೈನ ಪಾರ್ಕಿನಲ್ಲಿ ಐದು ವರ್ಷದ ಹುಡುಗಿಯ ಮೇಲೆ ಬಿದ್ದದ್ದು ಬಿಟ್ಟುಬಿಟ್ಟಿದ್ದ ಎರಡು ರಾಟ್‌ವೀಲರ್‌ಗಳು. ಆ ಮನೆಯವರೂ ಹಿಂದಿನ ದಿನದವರೆಗೆ ನಮ್ಮದು ಏನೂ ಮಾಡಲ್ಲ ಎಂದೇ ಹೇಳುತ್ತಿದ್ದಿರಬೇಕು.

ಹಾಗಾದರೆ ತಳಿಗೆ ಪಾತ್ರವೇ ಇಲ್ಲವೇ? ಕುರಿ ಅಟ್ಟುವುದು, ಎಸೆದದ್ದನ್ನು ತರುವುದು, ಮೊಲ ಕಂಡರೆ ಓಡುವುದು ರಕ್ತದಲ್ಲಿ ಬರುವುದಾದರೆ ಕಚ್ಚುವುದು ಏಕೆ ಬರಬಾರದು? ನ್ಯಾಯವಾದ ಪ್ರಶ್ನೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ 18,000ಕ್ಕೂ ಹೆಚ್ಚು ಸಾಕುನಾಯಿಗಳ ಬಗ್ಗೆ ಮನೆಯವರು ಕೊಟ್ಟ ಉತ್ತರಗಳನ್ನೂ ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎಯನ್ನೂ ಒಟ್ಟಿಗೆ ಇಟ್ಟು ನೋಡಿತು. ಒಂದು ನಾಯಿಯ ನಡವಳಿಕೆಗೂ ಇನ್ನೊಂದರ ನಡವಳಿಕೆಗೂ ಇರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲಾದದ್ದು ಶೇ. 9ರಷ್ಟು ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ಸ್ವಲ್ಪ ಹೆಚ್ಚು. ಎಷ್ಟು ಬೇಗ ಕೆರಳುತ್ತದೆ ಎಂಬುದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅವು ಬಹುಪಾಲು ಅಮೆರಿಕದ ಮನೆಗಳ ನಾಯಿಗಳು, ಉತ್ತರ ಕೊಟ್ಟವರು ಅವನ್ನು ಪ್ರೀತಿಸುವವರು ಎಂಬುದನ್ನು ನೆನಪಿಟ್ಟುಕೊಂಡೇ ಇದನ್ನು ಓದಬೇಕು. ಇನ್ನೊಂದು ಕಡೆ, 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡೆನ್ವರ್ ನಗರದಲ್ಲಿ ಕಚ್ಚಿದ ನಾಯಿಗಳನ್ನು ಕಚ್ಚದ ನಾಯಿಗಳ ಜೊತೆ ಹೋಲಿಸಿದವರಿಗೆ ಜರ್ಮನ್ ಶೆಪರ್ಡ್, ಚೌ ಚೌ ಹೆಚ್ಚಾಗಿ ಕಂಡವು. ಅಲ್ಲಿಗೆ ತಳಿಯೂ ಲೆಕ್ಕಕ್ಕೆ ಬಂತು, ಮುಚ್ಚಿಡಬೇಕಾಗಿಲ್ಲ. ಆದರೆ ಸಂತಾನಹರಣವಾಗದ ಗಂಡುನಾಯಿಗಳೂ ಹೆಚ್ಚಾಗಿ ಕಂಡವು; ಅಂಗಳದಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿಗಳು ಕಚ್ಚಿದವುಗಳ ಸಾಲಿನಲ್ಲಿರುವ ಸಂಭವ ಹತ್ತಿರ ಹತ್ತಿರ ಮೂರು ಪಟ್ಟು. ಈ ಎರಡನ್ನೂ ಬದಲಾಯಿಸುವುದು ಸಾಕಿದವನ ಕೈಯಲ್ಲಿದೆ. ಹುಟ್ಟನ್ನು ಬದಲಾಯಿಸಲಾಗದು, ಅದಕ್ಕೇ ಅದರ ಮೇಲೆ ಹೊರಿಸುವುದು ಸುಲಭ.

ತಳಿಯಿಂದ ಖಂಡಿತ ಬರುವುದು ಒಂದು: ಗಾತ್ರ, ಬಲ. ಬೀದಿನಾಯಿ ಕಚ್ಚಿದರೆ ಇಂಜೆಕ್ಷನ್ನಿಗೆ ಹೋಗುವವನು ರಾಟ್‌ವೀಲರ್ ಕಚ್ಚಿದರೆ ಆಪರೇಷನ್ನಿಗೆ ಹೋಗಬೇಕಾಗಬಹುದು. ಆದ್ದರಿಂದ ದೊಡ್ಡ ನಾಯಿ ಸಾಕುವವನ ಮೇಲೆ ಹೆಚ್ಚಿನ ಕಟ್ಟುಪಾಡು ಹಾಕುವುದು ಸರಿ. ಅದು ನಿಷೇಧದಂಥ ಮಾತಲ್ಲ. ಬ್ರಿಟನ್ 1991ರ ಕಾಯ್ದೆಯಲ್ಲಿ ಪಿಟ್‌ಬುಲ್ ಸೇರಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಮೂವತ್ತು ವರ್ಷ ಕಳೆದ ಮೇಲೆ ಎಕ್ಸ್‌ಎಲ್ ಬುಲ್ಲಿ ಎಂಬ ಹೊಸ ದೈತ್ಯನನ್ನು 2023ರಲ್ಲಿ ಅದೇ ಪಟ್ಟಿಗೆ ಸೇರಿಸಬೇಕಾಯಿತು. ಭಯಂಕರ ನಾಯಿ ಬೇಕೆನ್ನುವ ಗಿರಾಕಿ ಇರುವತನಕ ತಳಿ ಮಾಡುವವನು ಪಟ್ಟಿಯಲ್ಲಿಲ್ಲದ ಇನ್ನೊಂದನ್ನು ತಯಾರಿಸಿ ಕೊಡುತ್ತಾನೆ. ನೆದರ್ಲೆಂಡ್ಸ್ ತನ್ನ ಪಿಟ್‌ಬುಲ್ ನಿಷೇಧವನ್ನು 2008ರಲ್ಲಿ ಕೈಬಿಟ್ಟಿತು.

ಗಿರಾಕಿಗಾಗಿ ಭಯವನ್ನು ಹೇಗೆ ತಯಾರಿಸುತ್ತಾರೆ ಎಂಬುದಕ್ಕೆ ಡಾಬರ್‌ಮನ್ನಿನ ಕಿವಿ ನೋಡಬೇಕು. ನನ್ನ ಬಾಲ್ಯವನ್ನೆಲ್ಲ ಹೆದರಿಸಿದ ಆ ನೆಟ್ಟಗಿನ ಚೂಪು ಕಿವಿ ಹುಟ್ಟಿದ್ದಲ್ಲ, ಕತ್ತರಿಸಿದ್ದು. ಮರಿಯಾಗಿದ್ದಾಗ ಕಿವಿಯ ಅಂಚನ್ನು ಕೊಯ್ದು, ಪಟ್ಟಿ ಸುತ್ತಿ ವಾರಗಟ್ಟಲೆ ಎತ್ತಿ ಕಟ್ಟುತ್ತಾರೆ. ಕೊಯ್ಯದೆ ಬಿಟ್ಟರೆ ಅದರ ಕಿವಿ ಕೆನ್ನೆಯ ಪಕ್ಕಕ್ಕೆ ಜೋತು ಬೀಳುತ್ತದೆ, ಮುಖ ಪೆಚ್ಚಾಗಿ ಕಾಣುತ್ತದೆ, ಯಾರಿಗೂ ಹೆದರಿಕೆ ಆಗುವುದಿಲ್ಲ. ರಾಟ್‌ವೀಲರ್‌ನ ಮೋಟು ಬಾಲವೂ ಹಾಗೇ. ಬಾಲ ಕಳೆದುಕೊಂಡ ನಾಯಿ ತನ್ನ ಮನಸ್ಸನ್ನು ಹೇಳುವ ಮುಖ್ಯ ಅಂಗವನ್ನೇ ಕಳೆದುಕೊಂಡಿರುತ್ತದೆ. ಎದುರಿಗಿರುವ ಮನುಷ್ಯನೂ ಇನ್ನೊಂದು ನಾಯಿಯೂ ಅದನ್ನು ತಪ್ಪಾಗಿ ಓದುವುದು ಅದರಿಂದ ಇನ್ನೂ ಸುಲಭವಾಗುತ್ತದೆ.

ನಮ್ಮ ನಾಡಿನಲ್ಲಿ ನಾಯಿಯನ್ನು ಇನ್ನೊಂದು ಕಣ್ಣಿನಿಂದ ನೋಡಿದ್ದೂ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನನ್ನು ಮೆಚ್ಚಿದ ದೊರೆ ಏನು ಬೇಕು ಎಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕಾಳಿ ಒಂದು ಮಹಾ ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆಯಾಗದೆ ಗೊರವ ಉಣ್ಣುವಂತಿರಲಿಲ್ಲ. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಕೆತ್ತಿಸಿದವರು ಒಂದು ನಾಯಿಯ ಹೆಸರನ್ನೂ ಅದು ಮಾಡಿದ ಕೆಲಸವನ್ನೂ ಹೇಳುತ್ತಾರೆ. ಕಾಳಿಯ ವಂಶದ ನಾಯಿಗಳೆಲ್ಲ ಶೂರರು ಎಂದು ಎಲ್ಲೂ ಬರೆಯುವುದಿಲ್ಲ. ನಮ್ಮ ಕಾಲದ ಮುಧೋಳ ನಾಯಿಗೆ ಸಿಕ್ಕ ಗೌರವ ಮಾತ್ರ ಇಡೀ ತಳಿಗೆ ಸಿಕ್ಕದ್ದು. 2005ರಲ್ಲಿ ಅಂಚೆಚೀಟಿ ಬಂತು, ಆಮೇಲೆ ಸೈನ್ಯಕ್ಕೂ ಹೋಯಿತು. ಸಂತೋಷವೇ. ಆದರೆ ಬಯಲಿನಲ್ಲಿ ಓಡಬೇಕಾದ ಆ ಬೇಟೆನಾಯಿಯನ್ನು ಹೆಮ್ಮೆಗಾಗಿ ತಂದು ಹಾಸನದ ಮೂವತ್ತು ನಲವತ್ತರ ಸೈಟಿನ ಮನೆಯ ಮಹಡಿ ಮೆಟ್ಟಿಲಿಗೆ ಕಟ್ಟಿದರೆ ಅದರ ಗತಿಯೂ ಬೋನಿನ ಲ್ಯಾಬ್ರಡಾರಿನದೇ. ಒಳ್ಳೆಯ ಹೆಸರು ಕೂಡ ಸಾಕುವ ರೀತಿಯನ್ನು ಕಲಿಸುವುದಿಲ್ಲ.

ತಳಿಯ ಭಯದಿಂದ ಆಗುವ ದೊಡ್ಡ ಹಾನಿ ಬೇರೆ ಕಡೆ ಇದೆ. ರೇಬಿಸ್ ತಳಿ ನೋಡುವುದಿಲ್ಲ. ರಾಟ್‌ವೀಲರ್ ಕಚ್ಚಿದವನನ್ನು ಮನೆಮಂದಿಯೆಲ್ಲ ಸೇರಿ ಹಾಸನದ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಾರೆ. ಜಗಲಿಯ ಮೇಲೆ ಆಡುತ್ತಿದ್ದ ಊರುನಾಯಿಯ ಮರಿ ಮಗುವಿನ ಕೈಗೆ ಹಲ್ಲು ತಾಗಿಸಿದರೆ ಸುಣ್ಣ ಹಚ್ಚಿ ಸುಮ್ಮನಾಗುತ್ತಾರೆ. ಆಗಬೇಕಾದದ್ದು ಎರಡು ಕಡೆಯೂ ಒಂದೇ: ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯುವುದು, ಅದೇ ದಿನ ಲಸಿಕೆ ಶುರು ಮಾಡುವುದು, ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಹಾಕಿಸುವುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ವೈದ್ಯರು ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ನಾವು ಯಾವ ನಾಯಿಗೆ ಹೆದರುವುದಿಲ್ಲವೋ ಅದರ ಹಲ್ಲನ್ನು ಅಲಕ್ಷಿಸುತ್ತೇವೆ, ಸಾವು ಆ ದಾರಿಯಿಂದ ಬರುತ್ತದೆ.

ಕಾನೂನಿಗೆ ಬಂದರೆ, ಹೊಸದೇನೂ ಬೇಕಾಗಿಲ್ಲ. ತನ್ನ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಹಳ್ಳಿಯಲ್ಲಿ ಅದು ಠಾಣೆಯವರೆಗೆ ಹೋಗುವುದಿಲ್ಲ. ಇಂಜೆಕ್ಷನ್ ಖರ್ಚು ಕೊಟ್ಟು ಜಗಲಿಯಲ್ಲೇ ರಾಜಿಯಾಗುತ್ತದೆ, ಆಳು ಅದೇ ತೋಟಕ್ಕೆ ಮತ್ತೆ ಕೂಲಿಗೆ ಹೋಗಬೇಕಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳ ಆಡಳಿತಗಳು, ಸುತ್ತಲ ಗ್ರಾಮ ಪಂಚಾಯಿತಿಗಳು ನಾಯಿಗಳಿಗೆ ಒಂದು ರಿಜಿಸ್ಟರ್ ಇಡುವುದಾದರೆ ಅದರಲ್ಲಿ ತಳಿಯ ಕಾಲಂ ಇರಲಿ, ನನ್ನ ತಕರಾರಿಲ್ಲ. ಅದರ ಮುಂಚೆ ಒಡೆಯನ ಹೆಸರು, ಲಸಿಕೆ ಹಾಕಿಸಿದ ತಾರೀಖು, ಸಂತಾನಹರಣ ಆಗಿದೆಯೋ ಇಲ್ಲವೋ, ನಾಯಿ ದಿನಕ್ಕೆ ಎಷ್ಟು ಹೊತ್ತು ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ, ಹಿಂದೆ ಯಾರನ್ನಾದರೂ ಕಚ್ಚಿದೆಯೇ ಎಂಬ ಕಾಲಂಗಳು ಇರಬೇಕು. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ತಾಲ್ಲೂಕಿಗೊಂದು ಪಶು ಆಸ್ಪತ್ರೆಯಿದೆ. ಇಷ್ಟನ್ನು ಕೇಳಿ ಬರೆದುಕೊಳ್ಳಲು ದೊಡ್ಡ ಖರ್ಚೂ ಇಲ್ಲ. ಕಚ್ಚಿದ ಲ್ಯಾಬ್ರಡಾರ್ ಆ ಪುಸ್ತಕದಲ್ಲಿ ಸಿಗುತ್ತದೆ. 23ರ ಪಟ್ಟಿಯಲ್ಲಿ ಅದನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ.